ಇಸೊಗಾಯಿ ಕಾಣದ ಹೊಡೆತ

ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡ ಶುದ್ಧ ದಂಡಪಿಂಡ. ಮುಚ್ಚಿಟ್ಟು ಏನು ಪ್ರಯೋಜನ? ಇಡೀ ಟೋಕಿಯೊಗೇ ಗೊತ್ತಿದ್ದ ವಿಷಯ. ಆದರೆ ಗ್ಯಾಲರಿಯಲ್ಲಿ ಜೈಕಾರ ಹಾಕಿಸುವ ನಮ್ಮ ಕೂಗುದಳವಿತ್ತಲ್ಲ, ಕುತ್ತಿಗೆವರೆಗೆ ಗುಂಡಿ ಹಾಕಿದ ಕರಿ ಕೋಟಿನ ಹುಡುಗರು, ಅವರು ಹುಲಿಗಳು. ಅದರ ನಾಯಕ ಇಸೊಗಾಯಿ.

ನಾಯಕನಾದವನು ಮೈದಾನಕ್ಕೆ ಬೆನ್ನು ಹಾಕಿ ಜನರಿಗೆ ಮುಖ ಮಾಡಿ ನಿಲ್ಲಬೇಕು. ಅವನು ಕೈ ಎತ್ತಿದರೆ ಇಡೀ ಗ್ಯಾಲರಿ ಕೈ ಎತ್ತಬೇಕು, ಬಗ್ಗಿದರೆ ಬಗ್ಗಬೇಕು. ಯಾಕೆ ಅಂತ ಕೇಳುವ ಹಾಗಿಲ್ಲ. ದಳ ಸೇರಿದಂದಿನಿಂದ ಇಸೊಗಾಯಿಗೆ ಅದೇ ಜಾಗ. ನಾಲ್ಕು ವರ್ಷ ಒಂದು ಪಂದ್ಯವನ್ನೂ ತಪ್ಪಿಸದವನು ಒಂದು ಚೆಂಡನ್ನೂ ಕಂಡಿರಲಿಲ್ಲ. ಜನರ ಮುಖ ನೋಡಿಯೇ ಆಟ ತಿಳಿಯುತ್ತಿದ್ದ. ಹುಬ್ಬು ಏರಿದರೆ ಚೆಂಡು ಏರಿದೆ, ಬಾಯಿ ಸೊಟ್ಟಗಾದರೆ ನಮ್ಮವನು ಔಟ್.

ಅವನ ಕೊನೆಯ ಪಂದ್ಯ ತೊನಾಮಿ ವಿಶ್ವವಿದ್ಯಾಲಯದವರ ಮೇಲೆ. ಅವರನ್ನು ಸೋಲಿಸಿ ಹನ್ನೊಂದು ವರ್ಷವಾಗಿತ್ತು. ಕೊನೆಯ ಸುತ್ತು, ಸಮಸಮ, ನಮ್ಮವನ ಕೈಯಲ್ಲಿ ಬ್ಯಾಟು. ಮುಂದಿನ ಸಾಲಿನಲ್ಲಿ ಡೋಲು ಬಡಿಯುತ್ತಿದ್ದ ನನ್ನ ಕಡೆ ಇಸೊಗಾಯಿ ಬಗ್ಗಿದ.

"ಲೋ, ಒಂದೇ ಒಂದು ಹೊಡೆತ ನೋಡ್ಬಿಡ್ತೀನಿ ಕಣೋ."

"ಅಣ್ಣಾ, ಸಂಪ್ರದಾಯ?"

"ಸುಮ್ನಿರೋ. ಆಟ ನೋಡ್ದೇ ಕಾಲೇಜು ಮುಗಿಸ್ದೋನು ಅಂತ ನಾಳೆ ನನ್ ಹೆಂಡ್ತಿ ನಗಲ್ವಾ?"

"ಹೆಂಡ್ತಿ ಎಲ್ಲವ್ಳೆ ಅಣ್ಣಾ?"

"ಬತ್ತಾಳೆ, ಬಡಿಯೋ ನೀನು!"

ಸರಕ್ಕನೆ ಮೈದಾನದ ಕಡೆ ತಿರುಗಿಯೇಬಿಟ್ಟ.

ನಾಯಕ ತಿರುಗಿದ, ಗ್ಯಾಲರಿಯೂ ತಿರುಗಿತು. ಮೂರು ಸಾವಿರ ಜನ, ಹಣ್ಣು ಹಣ್ಣು ಮುದುಕರಾದ ಹಳೆಯ ವಿದ್ಯಾರ್ಥಿಗಳು, ಕೈಯಲ್ಲಿ ಅನ್ನದ ಉಂಡೆ ಹಿಡಿದ ಪ್ರಾಂಶುಪಾಲರು, ಡೋಲು ಬಿಟ್ಟು ನಾನು, ಎಲ್ಲರೂ ಮೈದಾನಕ್ಕೆ ಬೆನ್ನು ಹಾಕಿ ಹಿಂದಿನ ಸಿಮೆಂಟು ಗೋಡೆಯನ್ನು ನೋಡುತ್ತಾ ನಿಂತೆವು.

ಫಟ್!

ಅಂಥ ಸದ್ದು ನಮ್ಮ ಬ್ಯಾಟಿನಿಂದ ಹಿಂದೆಂದೂ ಬಂದಿರಲಿಲ್ಲ. ಇಸೊಗಾಯಿಗೆ ಚೆಂಡು ಎಲ್ಲಿ ಹೋಯಿತೆಂದು ತಿಳಿಯಬೇಕಿತ್ತು. ತಿಳಿಯುವ ದಾರಿ ಅವನಿಗೆ ಒಂದೇ: ಚಕ್ಕನೆ ನಮ್ಮ ಮುಖ ನೋಡಲು ತಿರುಗಿದ. ಕಂಡದ್ದು ಮೂರು ಸಾವಿರ ಹಿಂದಲೆ. ಮತ್ತೆ ಮೈದಾನಕ್ಕೆ ತಿರುಗುವಷ್ಟರಲ್ಲಿ ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಿದ್ದರು. ಗೆದ್ದಿದ್ದೆವು.

"ಯಾರಾದ್ರೂ ನೋಡಿದ್ರೇನ್ರೋ?" ಅಂತ ಅರಚಿದ. ಯಾರು ನೋಡಿದ್ದರು, ಮಣ್ಣು?

ಪಂದ್ಯ ಮುಗಿದ ಮೇಲೆ ಎರಡೂ ದಳದವರು ಎದುರಾಳಿಗೆ ಜೈಕಾರ ಹಾಕುವುದು ವಾಡಿಕೆ. ಅದಾದದ್ದೇ ತಡ, ಇಸೊಗಾಯಿ ಓಡಿಹೋಗಿ ತೊನಾಮಿ ದಳದ ನಾಯಕ ಕುಜುಮಿಯ ಕಾಲರ್ ಹಿಡಿದ.

"ಹೆಂಗಿತ್ತೋ ಹೊಡೆತ? ಹೇಳೋ!"

"ನಂಗೇನ್ ಗೊತ್ತಯ್ಯಾ? ನಾನೂ ನಿನ್ನಂಗೇ ಬೆನ್ನು ಹಾಕ್ಕೊಂಡಿದ್ದೋನು."

"ನಿಮ್ ಜನದ ಮುಖ ನೋಡಿದ್ಯಲ್ಲ!"

ಕುಜುಮಿ ಸೋತವನೇ ಆದರೂ ಕೋಟು ಸರಿಮಾಡಿಕೊಂಡು, ಕಣ್ಣರಳಿಸಿ, ಹುಬ್ಬು ಏರಿಸಿದ. ಕತ್ತು ನಿಧಾನವಾಗಿ ಹಿಂದಕ್ಕೆ ವಾಲಿತು, ಇನ್ನೂ ವಾಲಿತು, ಟೋಪಿ ಬಿತ್ತು. ಬಾಯಿ ತೆರೆಯಿತು. ಆಮೇಲೆ ಮನೆಯಲ್ಲಿ ಸಾವಾದವರ ಹಾಗೆ ಮುಖ ಇಳಿಯಿತು.

"ಅಬ್ಬಬ್ಬಾ!" ಅಂದ ಇಸೊಗಾಯಿ, ಮೂಗು ಒರೆಸಿಕೊಳ್ಳುತ್ತಾ. "ಏನ್ ಎತ್ತರ ಹೋಯ್ತೋ! ಇನ್ನೊಂದ್ಸಲ ಮಾಡೋ."