ಮೊದಲ ಪೆಟ್ಟು

ಹಸಿರು ಗೆರೆ ಎದ್ದಿತು, ಬಿತ್ತು, ಮತ್ತೆ ಎದ್ದಿತು, ಇದು ಅಕ್ಕನದಲ್ಲ, ಕತ್ತಿನಿಂದ ಎದೆಯೊಳಗೆ ಇಳಿಸಿದ ತಂತಿಯದು, ಆಸ್ಪತ್ರೆ ಮಂಚದ ಪಕ್ಕದ ಡಬ್ಬಿಯದು, ಎರವಲು ಬಡಿತ — ನಮ್ಮ ಕೆಸಾಯಾ ಅಕ್ಕ ಎಂದಾದರೂ ಇನ್ನೊಬ್ಬರ ಬಡಿತಕ್ಕೆ ಬಡಿದವಳೇ, ನೆನೆಸಿದ ಮರದ ತೊಗಟೆ ಬಡಿದು ಮಾಡುವ ಊರಿನ ಬಟ್ಟೆಗೆಲ್ಲ ಮೊದಲ ಪೆಟ್ಟು ಅವಳದೇ, ಹಲಗೆಯ ತುದಿಯಲ್ಲಿ ಕೂತು ಕೊಡತಿ ಎತ್ತಿ ಹಿಡಿಯುತ್ತಿದ್ದಳು, ಹಿಡಿದೇ ಇರುತ್ತಿದ್ದಳು, ನಮ್ಮ ಉಸಿರು ಕಟ್ಟುವವರೆಗೆ, ಇಳಿಸೇ ಅಕ್ಕಾ, ತೋಳು ಸೋತುಹೋಗುತ್ತೆ, ಅಂದರೆ ನಾನು, ಸೋಲೋದು ನಿನ್ನ ತೋಳು ಕಣೇ ಲುಪೆ, ನಂದಲ್ಲ, ಆಮೇಲೆ ಟಕ್, ಸಾಲಿನಲ್ಲಿದ್ದ ನಮ್ಮೆಲ್ಲರ ಕೈಗಳೂ ತಾವಾಗಿ ಎದ್ದು ಬೀಳುತ್ತಿದ್ದವು. ಹೃದಯವೂ ಹಾಗೇ ಅಂತೆ, ಡಾಕ್ಟರ್ ಮಾಫಿ ತನ್ನ ಎದೆ ಮುಟ್ಟಿ ತೋರಿಸಿದ, ಇಲ್ಲಿ ಮೇಲ್ಗಡೆ ಒಂದಷ್ಟು ಜೀವಕೋಶ ಇರ್ತವೆ ಚಿಕ್ಕಮ್ಮ, ಯಾರೂ ಹೇಳದೆ ಅವೇ ಕರೆಂಟು ಹುಟ್ಟಿಸ್ತವೆ, ಅದು ಒಂದರಿಂದ ಒಂದಕ್ಕೆ ಹರಿದು ಇಡೀ ಹೃದಯ ಬಡಿಯುತ್ತೆ, ನಿಮ್ಮಕ್ಕಂಗೆ ಜ್ವರದಲ್ಲಿ ನಡುದಾರಿ ಬಾತುಕೊಂಡಿದೆ, ಕರೆಂಟು ಕೆಳಗೆ ಇಳೀತಿಲ್ಲ, ಬಾವು ಕಮ್ಮಿ ಆಗಿದ್ರೆ ದಾಟುತ್ತೆ, ಇವತ್ತು ಡಬ್ಬಿಯ ಬಡಿತ ತಗ್ಗಿಸಿ, ಅವರದೇ ಏಳುತ್ತಾ ನೋಡ್ತೀವಿ. ದಾಟದಿದ್ರೆ? ತಂತಿ ಬಹಳ ದಿನ ಇಡೋಕಾಗಲ್ಲ, ಎದೆಯೊಳಗೇ ಇಟ್ಟು ಹೊಲಿಯೋ ಯಂತ್ರ ಇಲ್ಲಿಲ್ಲ, ಬೇರೆ ಕಡೆ ಕಳಿಸೋಣ ಅಂದ್ರೆ ವಿಮಾನ ಹತ್ತೋಷ್ಟು ಶಕ್ತಿ ಅವರಿಗಿಲ್ಲ, ಅಂದವನು ತನ್ನ ಬೂಟು ನೋಡಿಕೊಂಡ. ಬೆಳಿಗ್ಗೆ ಬಡಿಯೋ ಚಪ್ಪರದಡಿ ಅಕ್ಕನ ಜಾಗದಲ್ಲಿ ನಮ್ಮ ಸಾಲಿನ ಲೋಸಿ ಕೂತಿದ್ದು ಕಂಡು ನನಗೆ ಹೊಟ್ಟೆ ಉರಿದುಹೋಯಿತು, ನಿಲ್ಲಿಸ್ರೇ, ಇವತ್ತು ಯಾರೂ ಬಡೀಬೇಡಿ, ಅಂದು ಬಂದುಬಿಟ್ಟೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ನಮ್ಮಲ್ಲಿ ಕೊಡತಿ ನಿಲ್ಲಿಸುವುದು ಸಾವಾದಾಗ ತಾನೆ, ಈಗ ನೋಡು, ಅಕ್ಕ ಹೋದಳು ಅಂದುಕೊಂಡು ಬಾಗಿಲಲ್ಲಿ ಲೋಸಿ, ಕಪ್ಪು ಬಟ್ಟೆ, ಸೊಂಟಕ್ಕೆ ಸಾವಿನ ಮನೆಗೆ ಸುತ್ತಿಕೊಳ್ಳೋ ಸೂತಕದ ಹರಕು ಚಾಪೆ, ಅಳಲು ಬಾಯಿ ತೆರೆದವಳು ಹಾಗೇ ನಿಂತಿದ್ದಾಳೆ, ಅಯ್ಯೋ ದೇವರೇ, ಅಕ್ಕ ಕಣ್ಣು ಬಿಟ್ಟಳು, ಯಾರು ಸತ್ರೇ ಲೋಸಿ, ಯಾ— ಯಾರೂ ಇಲ್ಲಕ್ಕ, ಮತ್ತೆ ಚಾಪೆ ಯಾಕೆ, ಬಿಚ್ಚೇ ಅದನ್ನ, ಹೋಗಿ ಬಡೀರಿ, ನೆನೆಸಿದ ತೊಗಟೆ ಒಣಗಿಹೋಗುತ್ತೆ, ನಾನು ಬರೋವರೆಗೆ ಮೊದಲ ಪೆಟ್ಟು ನಿಂದೇ, ಅಂದಳು, ಲೋಸಿಗೆ ಅಂದಳು, ನನ್ನ ಕಡೆ ನೋಡಲೂ ಇಲ್ಲ, ಕೈ ಮಾತ್ರ ನನ್ನ ಕೈಯೊಳಗೇ ಇಟ್ಟಿದ್ದಾಳೆ. ಮಾಫಿಯ ಬೆರಳು ಡಬ್ಬಿಯ ತಿರುಪಿನ ಮೇಲಿದೆ, ತಗ್ಗಿಸಿದ, ಇನ್ನೂ ತಗ್ಗಿಸಿದ, ಗೆರೆ ಎದ್ದಿತು, ಬಿತ್ತು, ಮಲಗಿತು. ಒಂಚೂರು ಕಾಯೋಣ, ಅನ್ನುತ್ತಾನೆ, ಅಕ್ಕನ ಕಣ್ಣು ಮೇಲಕ್ಕೆ ಹೋಗುತ್ತಿದೆ, ಲೋಸಿಯ ಬೆರಳುಗಳು ಚಾಪೆಯ ಗಂಟಿನಲ್ಲೇ ನಿಂತಿವೆ, ಬಿಚ್ಚೇ ಲೋಸಿ, ಅಕ್ಕ ಹೇಳಿದಾಳಲ್ಲ, ಬಿಚ್ಚು, ಗೆರೆ ಮಲಗಿಯೇ ಇದೆ, ಇಳಿಸೇ ಅಕ್ಕಾ, ತೋಳು ಸೋತಿದ್ದು ನಂದೇ, ಒಪ್ಪಿದೆ, ಇಳಿಸು — ಎತ್ತಿ ಹಿಡಿದಿದ್ದಾಳೆ, ಹಿಡಿದೇ ಇದ್ದಾಳೆ, ನಮ್ಮೆಲ್ಲರ ತಲೆಯ ಮೇಲೆ, ಕೊಡತಿ, ಎತ್ತಿದ ಕೊಡತಿ