ಕೊಟ್ಟಿಗೆಯಿಂದ ಅಳೆದ ವೇಗ

ಬೆಂಗಳೂರಿನ ಅಂಚಿನ ಕೋಗಿಲಿನ ಶಾಲೆಯ ಮುಂದಿನ ರಸ್ತೆ ದಾಟಲು ಮುನಿವೆಂಕಟಮ್ಮನಿಗೆ ಹದಿನೆಂಟು ನಿಮಿಷ ಬೇಕಾಗುತ್ತಿತ್ತು. ಮೂರು ದಿನ ಬೆಳಗ್ಗೆ ಗಡಿಯಾರ ಹಿಡಿದು ನಿಂತು ತಸ್ನೀಮ್ ತೆಗೆದ ಸರಾಸರಿ ಇದು. ಅಜ್ಜಿಯ ಕೊಟ್ಟಿಗೆ ರಸ್ತೆಯ ಈ ಕಡೆ, ಹಾಲಿನ ಡೈರಿ ಆ ಕಡೆ. ನಡುವೆ ಇರುವುದು ಒಂಬತ್ತೇ ಮೀಟರ್. ಕ್ಯಾನು ಸೊಂಟಕ್ಕೆ ಒರಗಿಸಿಕೊಂಡು ಅಜ್ಜಿ ಒಂದು ಹೆಜ್ಜೆ ಮುಂದಿಡುವಳು, ಟಿಪ್ಪರ್ ಬರುವುದು, ಎರಡು ಹೆಜ್ಜೆ ಹಿಂದೆ ಸರಿಯುವಳು.

"ಎಂಟಕ್ಕೆ ಡೈರಿ ಬಾಗ್ಲು ಆಕ್ಬಿಡ್ತಾರೆ ಕಣವ್ವ. ಓದ ತಿಂಗ್ಳು ನಾಕ್ ದಿನ ಆಲು ವಾಪಸ್ ತಂದೆ. ಪಾಯಸ ತಿಂದೂ ತಿಂದೂ ನಮ್ ಮನೇರು ನನ್ನ ಕಂಡ್ರೆ ಬಾಯಿ ಮುಚ್ಕೊತಾರೆ" ಎಂದಿದ್ದಳು.

ಆರ್.ಟಿ. ನಗರದ ತಸ್ನೀಮ್ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ರಸ್ತೆ ಸುರಕ್ಷತೆಗೆಂದು ಸರ್ಕಾರ ಕೊಡುವ ಅನುದಾನವನ್ನು ಊರಿನ ಸಮಿತಿಗಳು ಪಡೆದು ನೆಟ್ಟಗೆ ಬಳಸುವಂತೆ ನೆರವಾಗುವ ಒಂದು ಸಣ್ಣ ಸಂಸ್ಥೆಯಲ್ಲಿ ಅವಳ ಕೆಲಸ. ಕೋಗಿಲಿಗೆ ಬೇಕಾಗಿದ್ದದ್ದು ಒಂದು ಹಂಪು, ಒಂದು ಜೀಬ್ರಾ ಪಟ್ಟೆ. ಅರ್ಜಿ ತುಂಬಿ, ಸಭೆಯ ನಡಾವಳಿ ಬರೆಸಿ, ಹನ್ನೊಂದು ಕಡೆ ಸಹಿ ಹಾಕಿಸಿದ್ದಾಗಿತ್ತು. ಉಳಿದದ್ದು ಒಂದೇ ಶರತ್ತು. ಇಲಾಖೆಯ ಎಂಜಿನಿಯರ್ ಬಂದು ನೂರು ವಾಹನಗಳ ವೇಗ ಅಳೆಯಬೇಕು. ಸರಾಸರಿ ಗಂಟೆಗೆ ನಲವತ್ತು ಕಿಲೋಮೀಟರ್ ಮೀರಿದ್ದರೆ ಮಾತ್ರ ಆ ರಸ್ತೆ ಅಪಾಯಕಾರಿ, ಅನುದಾನಕ್ಕೆ ಅರ್ಹ. ತಸ್ನೀಮ್‌ಗೆ ಚಿಂತೆ ಇರಲಿಲ್ಲ. ಕೋಗಿಲಿನಲ್ಲಿ ಕೋಳಿಗಳೂ ನಲವತ್ತರ ಮೇಲೆ ಓಡುತ್ತಿದ್ದವು.

ಅವಳು ಮಾಡಿದ ತಪ್ಪೆಂದರೆ, ಗುರುವಾರ ಎಂಜಿನಿಯರ್ ಬರುತ್ತಾರೆಂದು ಸಮಿತಿಯ ಅಧ್ಯಕ್ಷ ಲಕ್ಕಣ್ಣನಿಗೆ ಹೇಳಿದ್ದು.

ಲಕ್ಕಣ್ಣ ಹಳೆಯ ಒಕ್ಕಲು ಮನೆತನದವನು. ಈಗ ಮೂರು ಕಟ್ಟಡಗಳ ಬಾಡಿಗೆಯ ಮೇಲೆ ಇರುವವನು. ಊರಿಗೆ ಯಾರೋ ನೋಡಲು ಬರುತ್ತಾರೆ ಎಂದರೆ ಅವನ ಮಟ್ಟಿಗೆ ಅದು ಹೆಣ್ಣು ನೋಡಲು ಬಂದ ಹಾಗೆಯೇ. ಗುರುವಾರ ಬೆಳಗ್ಗೆ ತಸ್ನೀಮ್ ಬಂದು ನೋಡಿದರೆ ಲೈಟು ಕಂಬಗಳಿಗೆ ಮಾವಿನ ತೋರಣ. ರಸ್ತೆಗೆ ನೀರು ಚಿಮುಕಿಸಿ ರಂಗೋಲಿ ಹಾಕಿತ್ತು. ಆಟೋಗೆ ಕಟ್ಟಿದ ಮೈಕಿನಲ್ಲಿ ಸ್ವತಃ ಲಕ್ಕಣ್ಣನೇ ಕೂಗುತ್ತಿದ್ದ: "ಮಾನ್ಯರೇ, ಎಂಜಿನಿಯರ್ ಸಾಹೇಬ್ರು ಬಂದವ್ರೆ. ಎಲ್ರೂ ನಿದಾನಕ್ಕೆ ಓಗಿ. ಊರಿನ ಮರ್ಯಾದೆ ಪ್ರಶ್ನೆ!"

ಊರು ಮರ್ಯಾದೆ ಉಳಿಸಿತು. ಖಾದರ್ ಬಾಷಾನ ನೀರಿನ ಟ್ಯಾಂಕರ್, ದಿನವೂ ಬೆಂಕಿ ಆರಿಸಲು ಹೊರಟಂತೆ ಹೋಗುತ್ತಿದ್ದದ್ದು, ಅಂದು ಮದುಮಗಳ ಕಾರಿನಂತೆ ತೇಲಿ ಬಂತು. ಖಾದರ್ ಬಾಷಾ ಕಿಟಕಿಯಿಂದ ಸಲಾಂ ಮಾಡಿದ. ಒಂದು ಟಿಪ್ಪರ್ ನಿಂತು ನಾಯಿಮರಿಗೆ ದಾರಿ ಬಿಟ್ಟಿತು. ಮುನಿವೆಂಕಟಮ್ಮ ಯಾವುದೇ ಅಡ್ಡಿಯಿಲ್ಲದೆ ದಾಟಿ, ನಂಬಲಾಗದೆ ವಾಪಸ್ ಬಂದು, ಇನ್ನೊಮ್ಮೆ ದಾಟಿದಳು.

ನೂರು ವಾಹನಗಳ ಸರಾಸರಿ ಹನ್ನೆರಡು.

ಎಂಜಿನಿಯರ್ ಉಮೇಶ್ ವೇಗ ಅಳೆಯುವ ಯಂತ್ರವನ್ನು ಎರಡು ಸಲ ತಟ್ಟಿ ನೋಡಿದ. "ಮೇಡಂ, ಇಡೀ ಬೆಂಗಳೂರಲ್ಲಿ ಇಂಥ ರೋಡ್ ನಾನ್ ನೋಡಿಲ್ಲ. ನಿಮಗ್ಯಾಕ್ರೀ ಹಂಪು? ಮಾದರಿ ರಸ್ತೆ ಅಂತ ಸರ್ಟಿಫಿಕೇಟ್ ಕೊಡಿಸ್ತೀನಿ."

"ನೋಡುದ್ರಾ!" ಎಂದ ಲಕ್ಕಣ್ಣ ತಸ್ನೀಮ್ ಕಡೆ ತಿರುಗಿ. "ಅನುದಾನ ಕೇಳುದ್ರೆ ಬಹುಮಾನನೇ ಬಂತು."

ತಸ್ನೀಮ್ ಸಮಿತಿಯನ್ನು ಶಾಲೆಯ ಜಗಲಿಯಲ್ಲಿ ಕೂರಿಸಿ ವಿವರಿಸಿದಳು. ಡಾಕ್ಟರ ಹತ್ತಿರ ಹೋದಾಗ ಜ್ವರ ಮುಚ್ಚಿಡಬಾರದು. ರಸ್ತೆ ಹೇಗಿದೆಯೋ ಹಾಗೇ ತೋರಿಸಬೇಕು. ಖಾದರ್ ಬಾಷಾ ಎದೆ ಉಬ್ಬಿಸಿದ. "ಸ್ಪೀಡ್ ಬೇಕಾ ಬೇಟಿ? ಮೊದ್ಲೇ ಹೇಳ್ಬಾರ್ದಾ? ನಾಳೆ ಎಂಬತ್ತು ಹೊಡ್ದು ತೋರಿಸ್ತೀನಿ!"

"ಅಯ್ಯೋ ಬೇಡ ಚಾಚಾ!" ಎಂದು ಅವಳು ಕೈ ಮುಗಿದಳು.

ನಿಯಮದ ಪ್ರಕಾರ ಏಳು ದಿನದೊಳಗೆ ಒಂದೇ ಒಂದು ಮರು ಅಳತೆಗೆ ಅವಕಾಶವಿತ್ತು. ಆಮೇಲೆ ಅನುದಾನ ಬೇರೆ ಊರಿಗೆ. "ಸಾಹೇಬ್ರು ವಾರದೊಳಗೆ ಯಾವತ್ತು ಬೇಕಾದ್ರೂ ಬರಬಹುದು" ಎಂದಷ್ಟೇ ಹೇಳಿ ತಸ್ನೀಮ್ ಎದ್ದಳು. ಅಳೆಯುವವನು ಬಂದನೆಂದರೆ ಅಳತೆಗೆ ಒಳಗಾಗುವುದೂ ಬದಲಾಗುತ್ತದೆ ಎಂದು ಅವಳು ಓದಿದ್ದಳು. ಅದು ಟ್ಯಾಂಕರಿಗೂ ಅನ್ವಯಿಸುತ್ತದೆಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ಶುಕ್ರವಾರ ಊರಿಗೆ ಊರೇ ಮೆಲ್ಲಗೆ ಓಡಾಡಿತು. ಭಾನುವಾರ ಅರ್ಧ ಊರು. ಮಂಗಳವಾರ ಕಾಲು ಭಾಗ. ಕೋಗಿಲಿನ ಶಿಸ್ತಿನ ಅರ್ಧಾಯುಷ್ಯ ಎರಡು ದಿನವೆಂದು ತಸ್ನೀಮ್ ಪುಸ್ತಕದಲ್ಲಿ ಬರೆದುಕೊಂಡಳು. ಕೊನೆಯ ದಿನವಾದ ಬುಧವಾರ ತೋರಣದ ಎಲೆಗಳು ಒಣಗಿ ಮುರುಟಿದ್ದವು. ಟಿಪ್ಪರುಗಳು ಮತ್ತೆ ಮೊದಲಿನಂತೆ ಆರ್ಭಟಿಸುತ್ತಿದ್ದವು.

ಆ ಬೆಳಗ್ಗೆ ತಸ್ನೀಮ್ ಕೇಳಿಕೊಂಡಿದ್ದಂತೆ ಉಮೇಶ್ ಇಲಾಖೆಯ ಜೀಪು ಬಿಟ್ಟು ಬಸ್ಸಿನಲ್ಲಿ ಬಂದ. ಯಂತ್ರ ತರಕಾರಿ ಚೀಲದಲ್ಲಿತ್ತು. ತಸ್ನೀಮ್ ಅವನನ್ನು ಹಿಂದಿನ ಓಣಿಯಿಂದ ಮುನಿವೆಂಕಟಮ್ಮನ ಕೊಟ್ಟಿಗೆಗೆ ಕರೆದೊಯ್ದಳು. ಅದರ ಕಿಟಕಿ ನೇರವಾಗಿ ರಸ್ತೆಯನ್ನೇ ನೋಡುತ್ತಿತ್ತು.

"ಮೇಡಂ, ಹದಿನಾಲ್ಕು ವರ್ಷ ಸರ್ವಿಸು ನಂದು" ಎಂದ ಉಮೇಶ್, ಬೂಸಾ ಮೂಟೆಯ ಮೇಲೆ ಕೂರುತ್ತಾ. ಹಿಂದಿನಿಂದ ಹಸು ಅವನ ಕಿವಿ ನೆಕ್ಕಿತು.

"ಏನೂ ಮಾಡಾಕಿಲ್ಲ ಕಣಪ್ಪ" ಎಂದಳು ಅಜ್ಜಿ, ಕ್ಯಾನು ಎತ್ತಿಕೊಳ್ಳುತ್ತಾ. "ಉಪ್ಪು ಇಷ್ಟ ಅದಕ್ಕೆ. ನೀನ್ ಬೆವರ್ತಿದೀಯಲ್ಲ."

ಅಜ್ಜಿ ರಸ್ತೆ ಅಂಚಿನಲ್ಲಿ ಹೋಗಿ ನಿಂತಳು. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಉಮೇಶ್ ಓದುತ್ತಾ ಹೋದ, ತಸ್ನೀಮ್ ಬರೆಯುತ್ತಾ ಹೋದಳು. ನಲವತ್ತೆಂಟು. ನಲವತ್ತನಾಲ್ಕು. ಎಮ್ಮೆ ಹಿಂದಿನ ಲಗೇಜ್ ಆಟೋ, ಒಂಬತ್ತು. ಐವತ್ತು. ಎಮ್ಮೆ ಇನ್ನೂ ಹೋಗಿರಲಿಲ್ಲ, ಹತ್ತು, ಹನ್ನೊಂದು. ತೊಂಬತ್ತೊಂಬತ್ತು ವಾಹನಗಳಾದ ಮೇಲೆ ಅವಳು ಕೂಡಿ ಭಾಗಿಸಿದಳು. ಮೂವತ್ತೊಂಬತ್ತು ಪಾಯಿಂಟ್ ಒಂಬತ್ತು. ಇನ್ನೊಮ್ಮೆ ಭಾಗಿಸಿದರೂ ಅಷ್ಟೇ.

"ನೂರನೇದು ಐವತ್ತೊಂದಾದ್ರೂ ಬರಬೇಕು ಸರ್."

ಇಬ್ಬರೂ ಕಿಟಕಿಗೆ ಮುಖ ಒತ್ತಿದರು. ರಸ್ತೆ ಖಾಲಿ. ಬಹಳ ಹೊತ್ತಿನ ಮೇಲೆ ದೂರದಲ್ಲಿ ಖಾದರ್ ಬಾಷಾನ ಟ್ಯಾಂಕರ್ ಕಾಣಿಸಿತು. ಎಂಜಿನ್ ಕಾದು ಹೊಗೆ ಬಿಡುತ್ತಾ, ನಡೆದುಕೊಂಡೇ ಬರುವ ಹಾಗೆ ಬರುತ್ತಿತ್ತು. ಎಂಬತ್ತು ಹೊಡೆಯುತ್ತೇನೆಂದ ಮನುಷ್ಯ! ರಸ್ತೆ ಸುರಕ್ಷತೆಗೆಂದು ಸಂಬಳ ತಗೊಳ್ಳುವ ತಾನು ಯಾರಾದರೂ ಜೋರಾಗಿ ಓಡಿಸಿಕೊಂಡು ಬರಲಿ ಎಂದು ಹಾರೈಸುತ್ತಿದ್ದೇನೆ ಎಂಬುದು ತಸ್ನೀಮ್‌ಗೆ ಹೊಳೆದು ನಾಚಿಕೆಯಾಯಿತು. ಅಂಚಿನಲ್ಲಿ ನಿಂತ ಅಜ್ಜಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಕರೆದಳು. ಹಾರೈಕೆಯನ್ನು ಮಾತ್ರ ಹಿಂದಕ್ಕೆ ಕರೆಯಲಿಲ್ಲ.

ಆಗ ಟ್ಯಾಂಕರಿನ ಬೆನ್ನ ಹಿಂದಿನಿಂದ ಒಂದು ಸ್ಕೂಟರ್ ಬಾಣದಂತೆ ಹೊರಬಿತ್ತು. ಓಡಿಸುವವನ ಕೊರಳಲ್ಲಿ ಸುಗಂಧರಾಜದ ದೊಡ್ಡ ಹಾರ ಗಾಳಿಗೆ ಎದ್ದು ಹಾರುತ್ತಿತ್ತು. ಹೆಗಲ ಮೇಲೆ ಜರಿ ಶಾಲು. ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ಟಿನ ತುಂಬ ಮೂಸಂಬಿ. ಟ್ಯಾಂಕರನ್ನು ದಾಟಿ, ಕೊಟ್ಟಿಗೆಯನ್ನೂ ದಾಟಿ ಅದು ಮಾಯವಾಯಿತು. ಒಂದು ಮೂಸಂಬಿ ಉರುಳಿಕೊಂಡು ಅಜ್ಜಿಯ ಕಾಲ ಬಳಿ ನಿಂತಿತು.

"ಅರವತ್ತೊಂದು!" ಉಮೇಶ್ ಕೂಗಿದ. ಹಸು ಬೆಚ್ಚಿತು.

"ನಲವತ್ತು ಪಾಯಿಂಟ್ ಒಂದು" ಎಂದು ತಸ್ನೀಮ್ ಬರೆದಳು. ಅವಸರದಲ್ಲಿ ಒಂದರ ಬಾಲ ಕೆಳಗಿನ ಸಾಲಿಗೆ ಇಳಿಯಿತು. "ಸರ್, ಅದು ಯಾರು?"

ಯಾರೆಂದು ತಿಳಿಯಲು ತಡವಾಗಲಿಲ್ಲ. ಎಂಜಿನಿಯರ್ ಬಸ್ಸಿಳಿದದ್ದನ್ನು ಕಂಡ ಯಾರೋ ಲಕ್ಕಣ್ಣನಿಗೆ ಫೋನು ಮಾಡಿದ್ದರು. ಮಾದರಿ ರಸ್ತೆಯ ಸರ್ಟಿಫಿಕೇಟನ್ನೇ ತಂದಿದ್ದಾರೆಂದುಕೊಂಡು, ಅಂಥ ಸಾಹೇಬರನ್ನು ಸನ್ಮಾನವಿಲ್ಲದೆ ಕಳಿಸಿದರೆ ಊರಿನ ಮರ್ಯಾದೆ ಏನಾಗಬೇಕೆಂದು ಅವನು ಸಾಹೇಬರನ್ನು ಹುಡುಕುತ್ತಾ ಆ ರಸ್ತೆಯಲ್ಲಿ ಇನ್ನೂ ಎರಡು ಸಲ, ಪ್ರತಿ ಸಲವೂ ಹೆಚ್ಚು ಜೋರಾಗಿ, ಹೋಗಿ ಬಂದ. ನೂರು ತುಂಬಿದ್ದರಿಂದ ತಸ್ನೀಮ್ ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಗೆ ಅಜ್ಜಿಯೇ ಅವನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ಕೊಟ್ಟಿಗೆಗೆ ಕರೆತಂದಳು. ವರದಿಯ ಜೊತೆ ಅತಿ ವೇಗದ ವಾಹನದ ಚಿತ್ರ ಲಗತ್ತಿಸಬೇಕು, ಅದರ ಕೆಳಗೆ ಸಮಿತಿಯ ಅಧ್ಯಕ್ಷರು ಸಹಿ ಮಾಡಬೇಕು ಎಂಬುದು ನಿಯಮ. ಯಂತ್ರದಲ್ಲಿ ಮೂಡಿದ ಚಿತ್ರವನ್ನು ಲಕ್ಕಣ್ಣ ಬಹಳ ಹೊತ್ತು ನೋಡಿದ.

"ಇವ್ನು ನಮ್ಮೂರಿನವ್ನಲ್ಲ ಅಂತ ಬರ್ಯಾಕೆ ಆಗಲ್ವಾ?"

"ಆಗಲ್ಲ ಲಕ್ಕಣ್ಣೋರೆ."

"ಓಗ್ಲಿ, ಆರ ಸಂದಾಕಿ ಬಂದದೆ" ಎಂದು ಸಹಿ ಹಾಕಿದ. ದಂಡವನ್ನೂ ಕಟ್ಟಿದ. ಮೂಸಂಬಿಯನ್ನು ಹಸುವಿಗೆ ಕೊಟ್ಟ.

ಮೂರು ತಿಂಗಳಿಗೆ ಹಂಪು ಬಂತು, ಪಟ್ಟೆ ಬಂತು. ಮೊದಲ ಬೆಳಗ್ಗೆ ತಸ್ನೀಮ್ ಗಡಿಯಾರ ಹಿಡಿದು ನಿಂತಳು. ಟಿಪ್ಪರ್ ಒಂದು ಮುಗ್ಗರಿಸಿದಂತೆ ನಿಂತಿತು, ಅದರ ಹಿಂದೆ ಲಕ್ಕಣ್ಣನ ಸ್ಕೂಟರೂ. ಹೆಲ್ಮೆಟ್ ಈಗ ತಲೆಯ ಮೇಲಿತ್ತು. ಮುನಿವೆಂಕಟಮ್ಮ ಹದಿನಾಲ್ಕು ಸೆಕೆಂಡಿನಲ್ಲಿ ದಾಟಿದಳು. ದಾಟಿ, ಡೈರಿಯ ಮುಂದೆ ಕ್ಯಾನು ಇಳಿಸಿ, ಈ ಕಡೆಗೆ ಕೂಗಿದಳು:

"ಏನವ್ವ ತಸ್ನೀಮಾ, ಇಂಗ್ ಮಾಡ್ಬಿಟ್ಟೆ? ಡೈರಿ ಬಾಗ್ಲೇ ಇನ್ನೂ ತೆಗ್ದಿಲ್ಲ!"