ಗ್ಯಾರೇಜಿನ ಗ್ಲಾಸು

"ಗ್ಯಾರೇಜಿನ ಬಾಗಿಲಿಂದ ಬಾ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಕನ್ನಡ ಅರ್ಥ ಆಗಲ್ವಾ?"

ಶ್ರೀವಿದ್ಯಾ ಮುಂಬಾಗಿಲನ್ನು ಅರ್ಧವೇ ತೆರೆದು ಅಡ್ಡ ನಿಂತಿದ್ದಳು. ಗ್ಯಾರೇಜಿನ ಪಕ್ಕದ ದಾರಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಯಾರೂ ಸರಿಸಿರಲಿಲ್ಲ. ಅದಕ್ಕೇ ಶಾರದವ್ವ ಮುಂಬಾಗಿಲ ಗಂಟೆ ಒತ್ತಿದ್ದು.

"ಅಲ್ಲಿ ಕಾಲ ಹುಗದ ಹೋಗ್ತಾವ್ರಿ ಅಕ್ಕಾರ."

"ಸಲಿಕೆ ಅಲ್ಲೇ ಇದೆಯಲ್ಲ, ಸರಿಸ್ಕೊಂಡು ಬಾ. ಹಾಗೇ ಡ್ರೈವ್‌ವೇನೂ ಮುಗಿಸಿಬಿಡು."

ಬಾಗಿಲು ಮುಚ್ಚಿತು. ಶಾರದವ್ವ ಸಲಿಕೆ ಹಿಡಿದಳು. ಬೈಗುಳವನ್ನು ಬಾಯೊಳಗೇ ಅಗಿದು ನುಂಗಿದಳು. ಈ ಚಳಿಗಾಲದಲ್ಲಿ ಅವಳು ಅನ್ನಕ್ಕಿಂತ ಹೆಚ್ಚು ನುಂಗಿದ್ದು ಬೈಗುಳವನ್ನೇ.

ಕಾಗದದ ಮೇಲೆ ಇದು ಅವಳದೇ ಮನೆ. ವುಡ್‌ಬ್ರಿಡ್ಜ್‌ನ ಈ ವಿಳಾಸ ಕೊಟ್ಟೇ ಅವಳ ಮಗಳು ಜ್ಯೋತ್ಸ್ನಾ ಇಲ್ಲಿನ ಸರ್ಕಾರಿ ಶಾಲೆಗೆ ಸೇರಿದ್ದಳು. ನಿಜವಾಗಿ ಅವರಿದ್ದದ್ದು ಮಾಲ್ಟನ್‌ನ ಒಂದು ಬೇಸ್‌ಮೆಂಟಿನಲ್ಲಿ. ಅದು ಬೇರೆ ಜಿಲ್ಲೆ, ಅಲ್ಲಿನ ಶಾಲೆಗಳೇ ಬೇರೆ. ಹುಡುಗಿಗೆ ಉಗ್ಗು. ಅಲ್ಲಿನ ಶಾಲೆಯಲ್ಲಿ ಮಾತು ಕಲಿಸುವ ಟೀಚರಿಗಾಗಿ ಹೆಸರು ಬರೆಸಿ ಎರಡು ವರ್ಷವಾದರೂ ಪಾಳಿ ಬರಲಿಲ್ಲ. ಬಾಯಿ ತೆರೆದರೆ ಮಕ್ಕಳು ನಗುತ್ತಿದ್ದರು. ಹುಡುಗಿ ಬಾಯಿ ತೆರೆಯುವುದನ್ನೇ ಬಿಟ್ಟಳು. ವುಡ್‌ಬ್ರಿಡ್ಜ್‌ನ ಶಾಲೆಯಲ್ಲಿ ಅಂಥ ಟೀಚರು ಇದ್ದಾಳೆ ಎಂದು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಹೇಳಿದವಳೇ ಶ್ರೀವಿದ್ಯಾ. 'ಇವರು ನಮ್ಮ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಾರೆ, ಅಡಿಗೆಮನೆ ಹಂಚಿಕೊಳ್ಳುತ್ತಾರೆ' ಎಂದು ಬರೆದು ಸಹಿ ಹಾಕಿಕೊಟ್ಟವಳೂ ಅವಳೇ.

"ದುಡ್ಡುಗಿಡ್ಡು ಬೇಡಪ್ಪ. ನಮ್ಮ ಕನ್ನಡದೋರಿಗೆ ಅಷ್ಟೂ ಮಾಡದಿದ್ರೆ ಹೇಗೆ? ವೀಕೆಂಡಲ್ಲಿ ಬಂದು ಸ್ವಲ್ಪ ಕೈ ಜೋಡಿಸು, ಸಾಕು."

ಸ್ವಲ್ಪ ಎಂದರೆ ಮೂರು ಬಚ್ಚಲು, ಎರಡು ಮಹಡಿ, ವಾರದ ಬಟ್ಟೆ, ಹಿಮ ಬಿದ್ದರೆ ಹಿಮ. ಊರಲ್ಲಿ ಅವಳ ಅಜ್ಜಿ ಗೌಡರ ಮನೆಯಲ್ಲಿ ಇದನ್ನೇ ಮಾಡಿದ್ದಳು. ಅಲ್ಲಿ ಅದಕ್ಕೆ ಬಿಟ್ಟಿ ಚಾಕರಿ ಎನ್ನುತ್ತಿದ್ದರು, ಇಲ್ಲಿ ಹೆಲ್ಪ್ ಎನ್ನುತ್ತಾರೆ.

ಎರಡನೆಯ ಶನಿವಾರ ಶ್ರೀವಿದ್ಯಾ ನಯವಾಗಿ ಕೇಳಿದ್ದಳು: "ನಿಮ್ಮದು ಯಾವ ಪೈಕಿ?" ಶಾರದವ್ವ ಮುಚ್ಚಿಡದೆ ಹೇಳಿದಳು. ಮುಂದಿನ ಶನಿವಾರ ಗ್ಯಾರೇಜಿನ ಹಲಗೆಯ ಮೇಲೆ, ಹಿಮಕ್ಕೆ ಚೆಲ್ಲುವ ಉಪ್ಪಿನ ಚೀಲದ ಪಕ್ಕ, ಒಂದು ಸ್ಟೀಲಿನ ಗ್ಲಾಸು ಬಂದು ಕೂತಿತ್ತು.

"ನಾವು ಜಾತಿಗೀತಿ ನಂಬಲ್ಲ. ಆದ್ರೆ ಅಡಿಗೆಮನೆ ಪ್ಯಾಂಟ್ರೀಲಿ ದೇವರನ್ನ ಇಟ್ಟಿದೀವಲ್ಲ, ಅತ್ತೆಗೆ ಗೊತ್ತಾದ್ರೆ ನೊಂದ್ಕೋತಾರೆ. ನೀರು ಬೇಕಾದ್ರೆ ಬಟ್ಟೆ ಒಗೆಯೋ ನಲ್ಲೀಲಿ ಹಿಡ್ಕೊ, ಆಯ್ತಾ?"

ಅತ್ತೆ ಇದ್ದದ್ದು ಮೈಸೂರಿನಲ್ಲಿ. ಆದರೆ ಡಿಸೆಂಬರಿನಲ್ಲಿ ಒಂದು ದಿನ ಜ್ಯೋತ್ಸ್ನಾ ಬಂದು, "ಅವ್ವಾ, ಕ್ಲಾ-ಕ್ಲಾಸಲ್ಲಿ ಓದಿದೆ. ನೋಬಡಿ ಲಾಫ್ಡ್" ಎಂದಿದ್ದಳು. ಅವತ್ತು ಶಾರದವ್ವ ಆ ಗ್ಲಾಸನ್ನೂ ನುಂಗಿಕೊಂಡಳು.

ಶ್ರೀವಿದ್ಯಾ ಫೋನು ಮಾಡಿದ್ದು ಬುಧವಾರ.

"ನಾಳೆ ಮೂರು ಗಂಟೆಗೆ ಶಾಲೆ ಕಡೆಯಿಂದ ಯಾರೋ ಮನೆ ನೋಡೋಕೆ ಬರ್ತಾರಂತೆ. ಮನೆ ಐದು ನಿಮಿಷದ ದಾರಿ, ಮಗು ಯಾಕೆ ದಿನಾ ಲೇಟು ಅಂತ ಕೇಳಿದ್ರು. ನನ್ನ ಸಹಿ ಇದೆ ಅದ್ರಲ್ಲಿ, ನೆನಪಿರಲಿ!"

ತಡವಾಗದೆ ಇನ್ನೇನು? ಹಿಮ ಬಿದ್ದ ದಿನ ಮಾಲ್ಟನ್‌ನಿಂದ ಕಾರು ಆಮೆಯಂತೆ ತೆವಳುತ್ತಿತ್ತು. ಗುರುವಾರ ಫ್ಯಾಕ್ಟರಿಗೆ ರಜೆ ಹಾಕಿ, ಮಗಳ ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಅದೇ ಕಾರಿನಲ್ಲಿ ಹೊರಟ ಶಾರದವ್ವ ಗಂಡ ದ್ಯಾಮಣ್ಣನನ್ನು ಕೇಳಿದಳು: "ಸಿಕ್ಕಬಿದ್ರ ಏನ್ ಮಾಡೂದು? ಹಳೇ ಸಾಲಿಗೆ ಹೋದ್ರೂ ಮತ್ತ ವಿಳಾಸದ ಕಾಗದ ಕೇಳ್ತಾರಲ್ಲ?"

ದ್ಯಾಮಣ್ಣನಿಗೆ ಸಿಟ್ಟು ನೆತ್ತಿಗೇರಿತು. ಬೇಸ್‌ಮೆಂಟಿಗೆ ಪರವಾನಗಿ ಇಲ್ಲವೆಂದು ಅದರ ಮಾಲೀಕ ಯಾವ ಕಾಗದವನ್ನೂ ಕೊಡುತ್ತಿರಲಿಲ್ಲ. ಹಳೇ ಶಾಲೆಗೆ ಕೊಟ್ಟಿದ್ದ, ಮೊದಲಿದ್ದ ಮನೆಯ ಕಾಗದ ಆ ಮನೆಯೊಂದಿಗೇ ಹೋಗಿತ್ತು.

"ಆ ಬಾಡ್ಯಾಗ ಬಾಡಗಿ ಇಸ್ಕೊಳ್ಳಾಕ ಕೈ ಐತಿ, ಸಹಿ ಮಾಡಾಕ ಕೈ ಇಲ್ಲ! ನಿನ್ನೆ ಮತ್ತ ಕೇಳಿದ್ರ, ಖಾಲಿ ಮಾಡ್ರಿ ಅಂದ ಸೂಳೆಮಗ."

ಅವಳನ್ನು ಇಳಿಸಿ ಅವನು ಕೆಲಸಕ್ಕೆ ಹೋದ. ಮೂರು ಗಂಟೆಗೆ ಸರಿಯಾಗಿ ಶಾಲೆಯ ಕಡೆಯ ಹೆಂಗಸು ಬಂದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ಟು. ನಗುಮುಖದವಳೇ. ಶ್ರೀವಿದ್ಯಾಳ ಬೇಸ್‌ಮೆಂಟಿಗಿಳಿದು ಮಂಚ ನೋಡಿದಳು, ಅವತ್ತಷ್ಟೇ ತಂದು ಜೋಡಿಸಿದ್ದ ಬಟ್ಟೆ ನೋಡಿದಳು, ಗೋಡೆಗೆ ಅಂಟಿಸಿದ್ದ ಜ್ಯೋತ್ಸ್ನಾಳ ಚಿತ್ರ ನೋಡಿ ಚೆನ್ನಾಗಿದೆ ಎಂದಳು. ಕೇಳಿದ್ದಕ್ಕೆಲ್ಲ ಶ್ರೀವಿದ್ಯಾಳೇ ಇಂಗ್ಲಿಷಿನಲ್ಲಿ ಪಟಪಟ ಉತ್ತರ ಕೊಟ್ಟಳು. ಗೆದ್ದೆವು ಅಂದುಕೊಂಡಳು ಶಾರದವ್ವ.

ಮೆಟ್ಟಿಲು ಹತ್ತಿ ಮೇಲೆ ಬಂದ ಹೆಂಗಸಿಗೆ ಕೆಮ್ಮು ಬಂತು. ಶಾರದವ್ವನ ಕಡೆ ತಿರುಗಿ, ಒಂದು ಲೋಟ ನೀರು ಸಿಗಬಹುದೇ ಎಂದು ಕೇಳಿದಳು.

ಶಾರದವ್ವನ ಕಾಲು ತಲೆಯನ್ನು ಕೇಳಲಿಲ್ಲ. ನೆಟ್ಟಗೆ ಗ್ಯಾರೇಜಿಗೆ ಹೋಯಿತು. ಸ್ಟೀಲಿನ ಗ್ಲಾಸು ತೆಗೆದುಕೊಂಡು, ಬಟ್ಟೆ ಒಗೆಯುವ ನಲ್ಲಿಯಲ್ಲಿ ನೀರು ಹಿಡಿದು, ಎರಡೂ ಕೈಯಲ್ಲಿ ತಂದು ಕೊಟ್ಟಳು. ಶ್ರೀವಿದ್ಯಾಳ ಮುಖ ಬಿಳುಚಿಕೊಂಡದ್ದನ್ನು ನೋಡಿದ ಮೇಲೆಯೇ ಅವಳಿಗೆ ತಾನೇನು ಮಾಡಿದೆನೆಂದು ತಿಳಿದದ್ದು.

ಹೆಂಗಸು ಗ್ಲಾಸಿನ ತಳಕ್ಕೆ ಅಂಟಿದ್ದ ಹಿಮದುಪ್ಪಿನ ಹರಳನ್ನು ನೋಡಿದಳು. ನಾಲ್ಕು ಹೆಜ್ಜೆ ಆಚೆಯೇ ಇದ್ದ ಅಡಿಗೆಮನೆಯನ್ನು ನೋಡಿದಳು. ನೀರು ಕುಡಿಯದೆ ಗ್ಲಾಸನ್ನು ಪಕ್ಕಕ್ಕಿಟ್ಟು ಶ್ರೀವಿದ್ಯಾಳ ಕಡೆ ತಿರುಗಿದಳು.

"ಅಡಿಗೆಮನೆ ಹಂಚಿಕೊಳ್ಳುತ್ತೀರಿ ಎಂದು ಬರೆದಿದ್ದೀರಿ. ಇವರ ಪಾತ್ರೆಗಳೆಲ್ಲಿ? ಇವರೇ ತೋರಿಸಲಿ."

ಶ್ರೀವಿದ್ಯಾ ಹಲ್ಲು ಬಿಟ್ಟು ನಗುತ್ತಲೇ ಕನ್ನಡದಲ್ಲಿ ಹೇಳಿದಳು: "ಹೋಗು, ಏನಾದ್ರೂ ತೆಗೆದು ತೋರ್ಸು. ಪ್ಯಾಂಟ್ರಿ ಮಾತ್ರ ಮುಟ್ಟಬೇಡ. ಆಮೇಲೆ ನಾನೇ ಎಲ್ಲಾ ತೊಳ್ಕೋತೀನಿ."

ಶಾರದವ್ವ ಒಳಗೆ ಹೋಗಿ ಒಂದು ಕಪಾಟು ತೆರೆದಳು. ಔಷಧಿ ಡಬ್ಬಿಗಳು. ಇನ್ನೊಂದು ತೆರೆದಳು. ಕಸದ ಬುಟ್ಟಿ. ಮೂರನೆಯದರ ಮೇಲೆ ಕೈಯಿಟ್ಟು ನಿಂತಳು. ಈ ಮನೆಯ ಮೂರು ಬಚ್ಚಲಿನ ಮೂಲೆಮೂಲೆ ಅವಳಿಗೆ ಗೊತ್ತಿತ್ತು, ಒಂದು ಲೋಟ ಎಲ್ಲಿದೆ ಎಂದು ಗೊತ್ತಿರಲಿಲ್ಲ. 'ತೊಳ್ಕೋತೀನಿ' ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎಷ್ಟೆಲ್ಲ ನುಂಗಿದವಳಿಗೆ ಇದೊಂದು ಇಳಿಯಲಿಲ್ಲ.

ತಿರುಗಿ ನಿಂತಳು.

"ಐ ನಾಟ್ ಲಿವ್ ಹಿಯರ್," ಎಂದಳು. "ಐ ಕ್ಲೀನ್ ಹಿಯರ್."

"ಶಾರದಾ! ಮುಚ್ಚೇ ಬಾಯಿ! ಉಪಕಾರ ಮಾಡಿದ್ದಕ್ಕೆ ನನ್ನ ಹೆಸರು ಕೆಡಿಸ್ತೀಯಾ?"

"ನಿಮ್ಮ ಹೆಸರೂ ತೊಳ್ಕೋರಿ ಅಕ್ಕಾರ. ಎಲ್ಲಾ ತೊಳ್ಕೋತೀನಿ ಅಂದ್ರಲ್ಲ!"

ಹಾಗಾದರೆ ನೀವಿರುವುದೆಲ್ಲಿ ಎಂದು ಹೆಂಗಸು ಮೆಲ್ಲಗೆ ಕೇಳಿದಳು.

"ಮಾಲ್ಟನ್. ಬೇಸ್‌ಮೆಂಟ್." ಮುಂದಿನದಕ್ಕೆ ಇಂಗ್ಲಿಷು ಸಾಲಲಿಲ್ಲ. "ಆ ಮನಿಗೆ ಕಾಗದ ಇಲ್ಲ, ಈ ಕಾಗದಕ್ಕ ಮನಿ ಇಲ್ಲ. ಹೇಳ್ರಿ ಅಕ್ಕಾರ ಆಕಿಗೆ. ಈಗ್ಯಾಕ ಸುಮ್ಮನಾದ್ರಿ?"

ಶ್ರೀವಿದ್ಯಾ ಮುಖ ತಿರುಗಿಸಿದಳು. ಹೆಂಗಸು ಟ್ಯಾಬ್ಲೆಟ್ಟಿನ ಮೇಲೆ ಬೆರಳಾಡಿಸುತ್ತ, ಕಂಡದ್ದನ್ನು ತಾನು ಬರೆಯಲೇಬೇಕು, ಮಗು ಈ ಶಾಲೆಯಲ್ಲಿ ಮುಂದುವರಿಯುವುದು ಕಷ್ಟ ಎಂದಳು. ಕ್ಷಮಿಸಿ ಎಂದೂ ಅಂದಳು.

ಶಾರದವ್ವ ಆ ಗ್ಲಾಸನ್ನು ಎತ್ತಿ ಅವಳ ಮುಂದೆ ಠಣ್ ಎಂದು ಇಟ್ಟಳು. "ರೈಟ್ ದಿಸ್ ಆಲ್ಸೋ. ಮೈ ಗ್ಲಾಸ್. ಇನ್ ಗ್ಯಾರೇಜ್."

ಹೆಂಗಸಿನ ಬೆರಳು ನಿಂತಿತು. ಗ್ಲಾಸನ್ನು ಬರೆದುಕೊಳ್ಳಲು ಟ್ಯಾಬ್ಲೆಟ್ಟಿನಲ್ಲಿ ಜಾಗವಿರಲಿಲ್ಲವೋ ಏನೋ.

ಅಷ್ಟರಲ್ಲಿ ಕಿಟಕಿಯಾಚೆ ಜ್ಯೋತ್ಸ್ನಾ ಕಂಡಳು. ಅವ್ವ ಹೇಳಿದ್ದಂತೆ ಶಾಲೆ ಬಿಟ್ಟು ಇಲ್ಲಿಗೇ ನಡೆದು ಬಂದವಳು ಮುಂಬಾಗಿಲನ್ನು ದಾಟಿ, ತಲೆ ತಗ್ಗಿಸಿಕೊಂಡು ಗ್ಯಾರೇಜಿನ ಕಡೆ ಹೋಗುತ್ತಿದ್ದಳು. ಗ್ಯಾರೇಜಿನ ದಾರಿ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಶನಿವಾರ ಜೊತೆಗೆ ಬಂದಾಗ ಅವ್ವನನ್ನು ನೋಡಿಯೇ ಕಲಿತಿದ್ದಳು. ಶಾರದವ್ವ ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದಳು.

"ಏ ಜ್ಯೋತ್ಸ್ನಾ, ಈ ಕಡಿಂದ ಬಾ."

"ಬೂ-ಬೂಟ್ಸು, ಅವ್ವಾ?"

"ಇರಲಿ, ಬಾ."

ಹುಡುಗಿ ಹಿಮದ ಬೂಟಿನಲ್ಲೇ ಒಳಗೆ ಬಂದಳು. ಕೈಯಲ್ಲಿ ಒಂದು ಹಾಳೆ. "ಸೋ-ಸೋಮವಾರ ಅಸೆಂಬ್ಲೀಲಿ ನಾನೇ ಓದ್ಬೇಕಂತೆ ಅವ್ವಾ. ಇ-ಇಡೀ ಸ್ಕೂಲ್ ಮುಂದೆ."

ಶಾರದವ್ವ ಅವಳ ಕೈಹಿಡಿದು ಅಡಿಗೆಮನೆಗೆ ನಡೆದಳು. ಪ್ಯಾಂಟ್ರಿಯ ಬಾಗಿಲು ಎಳೆದಳು. ದೇವರ ಮುಂದಿದ್ದ ಬೆಳ್ಳಿ ಲೋಟ ತೆಗೆದು, ನಲ್ಲಿ ತಿರುಗಿಸಿ, ತುಳುಕುವಷ್ಟು ನೀರು ತುಂಬಿದಳು. ಹಿಂದಿನಿಂದ ಶ್ರೀವಿದ್ಯಾ "ಅಯ್ಯಯ್ಯೋ" ಎಂದದ್ದು ಕೇಳಿಸಿತು.

ಜ್ಯೋತ್ಸ್ನಾ ಲೋಟವನ್ನು ನೋಡಿದಳು. "ಇದು ನ-ನಮ್ಮದಲ್ಲ ಅವ್ವಾ" ಎಂದಳು. ಆಮೇಲೆ ಅಭ್ಯಾಸದಂತೆ ತಲೆ ಹಿಂದಕ್ಕೆ ಮಾಡಿ, ಲೋಟವನ್ನು ತುಟಿಗೆ ತಾಗಿಸದೆ ಮೇಲೆತ್ತಿದಳು.

ಶಾರದವ್ವ ಮಗಳ ಕೈಯನ್ನು ಕೆಳಗಿಳಿಸಿದಳು.

"ಎತ್ತಿ ಕುಡೀಬ್ಯಾಡ," ಎಂದಳು. "ಕಚ್ಚಿ ಕುಡಿ."